ಲಾರಿತಾಯಿಯ ಬಟ್ಟೆ ಒಗೆದದ್ದು

ಅಂಪೈಯ ಲಂಗಗಳೆಲ್ಲ ಅಂಚಿನಲ್ಲಿ ಕಪ್ಪು. ಹಳದಿಯದು ಕೊಳ್ಳಲಿ, ನೀಲಿಯದು ಕೊಳ್ಳಲಿ, ತಿಂಗಳೊಪ್ಪತ್ತಿನಲ್ಲಿ ಕೆಳಗಿನ ಒಂದು ಗೇಣು ಮಸಿ ಹಿಡಿಯುತ್ತಿತ್ತು. ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ. ಕ್ಲಾಂಗ್‌ಡಾಂಗಿನ ಲಾರಿ ನಿಲ್ದಾಣದಲ್ಲಿ ನಾನು ಅನ್ನದ ಅಂಗಡಿ ಇಟ್ಟು ಬಹಳ ವರ್ಷವಾಯಿತು. ದೂರದಿಂದ ಬರುವ ಹೆಂಗಸಿನ ಮುಖ ಕಾಣುವ ಮೊದಲೇ ಲಂಗದ ಅಂಚು ನೋಡಿ, ಅಂಪೈ ಬಂದಳು ಎಂದು ಇನ್ನೊಂದು ತಟ್ಟೆ ತೆಗೆದಿಡುತ್ತಿದ್ದೆ.

ಇದಕ್ಕೆ ಕಾರಣ ಹಗ್ಗ. ನಮ್ಮಲ್ಲಿ ಹೆಂಗಸಿನ ಲಂಗ ಗಂಡಸಿನ ತಲೆಗಿಂತ ಎತ್ತರದಲ್ಲಿ ಒಣಗಬಾರದು, ದೇವರ ಎದುರಿಗಂತೂ ಬರಲೇಬಾರದು. ಮನೆಯಾದರೆ ಹಿತ್ತಿಲಲ್ಲಿ ಸೊಂಟದೆತ್ತರಕ್ಕೆ ಒಂದು ತಂತಿ ಬಿಗಿದುಕೊಂಡರಾಯಿತು. ಅಂಪೈಯ ಮನೆ ಲಾರಿ. ಅವಳ ಗಂಡ ತವಿನ್ ತನ್ನ ಅಂಗಿಗಳಿಗೆ ಕ್ಯಾಬಿನ್ನಿನ ಬದಿಯಲ್ಲಿ, ಗಾಳಿ ಬಿಸಿಲು ಎರಡೂ ತಾಗುವಲ್ಲಿ ಹಗ್ಗ ಕಟ್ಟಿದ್ದ. ಹೆಂಡತಿಯ ಲಂಗಗಳಿಗೆ ಲಾರಿಯ ಬಾಲದಲ್ಲಿ, ಬಾಡಿಯ ಅಡಿಗೆ, ಸೈಲೆನ್ಸರಿನ ಬಾಯಿಯ ಪಕ್ಕ ಒಂದು ಮಾರು ಹಗ್ಗ. ಲಾರಿ ಕೆಮ್ಮಿದ್ದೆಲ್ಲ ಅವಳ ಲಂಗಕ್ಕೆ.

ಆರು ಚಕ್ರದ ಆ ಹಸಿರು ಲಾರಿಯನ್ನು ಅವರು ಮದುವೆಯ ಹೊಸದರಲ್ಲಿ ಯಾರದೋ ಕೈಯಿಂದ ಕೊಂಡಿದ್ದರು. ಮಗಳು ಖ್ವಾನ್ ಹಾಲು ಬಿಟ್ಟ ಮೇಲೆ ಅವಳನ್ನು ಚೈಯಾಫುಮ್ಮಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಅಂಪೈ ಕ್ಯಾಬಿನ್ ಹತ್ತಿದಳು. ಅಂದಿನಿಂದ ಇಬ್ಬರೂ ಪಾಕ್‌ಚೋಂಗಿನ ಜೋಳ, ಕುಂಬಳಕಾಯಿ, ಸೀತಾಫಲ ತುಂಬಿಕೊಂಡು ಬ್ಯಾಂಕಾಕಿನ ಕ್ಲೋಂಗ್‌ತೋಯ್ ಪೇಟೆಗೆ ಹೋಗುವುದು, ಬರುವಾಗ ಸಿಕ್ಕಿದ್ದನ್ನು ತುಂಬಿಕೊಂಡು ಬರುವುದು. ಕಾಗದದಲ್ಲಿ ಮಾಲೀಕ ತವಿನ್, ಚಾಲಕನೂ ತವಿನ್. ಅಂಪೈ ಏನು ಎಂದು ಯಾವ ಕಾಗದದಲ್ಲೂ ಇಲ್ಲ.

ಅವಳು ಏನು ಮಾಡುತ್ತಿದ್ದಳು ಎಂದರೆ, ಹಿಂದಿನ ಚಕ್ರದ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಗ್ಯಾಸ್ ಒಲೆ ಇಟ್ಟು ಅಂಟಕ್ಕಿ ಬೇಯಿಸುತ್ತಿದ್ದಳು. ಅನ್ನವನ್ನು ಉಂಡೆ ಮಾಡಿ, ಓಡುತ್ತಿರುವ ಲಾರಿಯಲ್ಲಿ ಗಂಡನ ಬಾಯಿಗಿಡುತ್ತಿದ್ದಳು. ಟಾರ್ಪಾಲು ಬಿಗಿಯುವುದು, ಬಿಚ್ಚುವುದು, ಮಡಿಸುವುದು. ಲಾರಿ ಹಿಂದಕ್ಕೆ ಹೋಗುವಾಗ ಇಳಿದು "ಬಾ, ಬಾ, ಬಾ, ನಿಲ್ಲು" ಎಂದು ಕೂಗುವುದು. ದಲ್ಲಾಳಿಯ ಜೊತೆ ಜಗಳ. ಗಂಡನ ಕಣ್ಣು ಎಳೆದರೆ ಕಿವಿ ಹಿಂಡುವುದು, ಅದಕ್ಕೂ ಜಗ್ಗದಿದ್ದರೆ ಸ್ಟೇರಿಂಗ್ ತಾನೇ ಹಿಡಿಯುವುದು. ಸರಕು ಇಳಿದ ಮೇಲೆ ತವಿನ್ ಬಾಡಿಯ ಅಡಿಗೆ ಜೋಲಿ ಕಟ್ಟಿ ಮಲಗುತ್ತಿದ್ದ. ಅಂಪೈ ಬಕೀಟು ಹಿಡಿದು ನಲ್ಲಿ ಹುಡುಕುತ್ತಿದ್ದಳು.

"ನಿನ್ ಗಂಡ ಲಾರಿ ಓಡಿಸ್ತಾನೆ, ನೀನು ಲಾರೀನೂ ಗಂಡನ್ನೂ ಎರಡೂ ಓಡಿಸ್ತೀಯ" ಎಂದು ನಾನು ಹೇಳಿದರೆ, "ಮೆಲ್ಲಗೆ ಅಕ್ಕ, ಕೇಳಿಸ್ಕೊಂಡ್ರೆ ಡೀಸೆಲ್ ಕೇಳ್ತಾನೆ" ಎಂದು ನಗುತ್ತಿದ್ದಳು.

ಆ ಲಾರಿಯಲ್ಲಿ ಇನ್ನೊಬ್ಬ ಹೆಂಗಸಿದ್ದಳು. ಎಲ್ಲ ಲಾರಿಗಳಲ್ಲೂ ಇರುತ್ತಾಳೆ, ಮೇ ಯಾ ನಾಂಗ್, ಲಾರಿಯನ್ನು ಕಾಯುವ ತಾಯಿ. ಅವಳಿಗೆ ದಿನಾ ಹೂಮಾಲೆ, ಊದುಬತ್ತಿ, ಹಬ್ಬಕ್ಕೆ ಬಾಳೆಹಣ್ಣು, ಬೇಯಿಸಿದ ಕೋಳಿ. ಲಾರಿ ಕೊಂಡ ವರ್ಷ ತವಿನ್‌ನ ಊರಿನ ಮುದಿ ಭಿಕ್ಷು ಒಂದು ಗುಲಾಬಿ ಬಣ್ಣದ ಬಟ್ಟೆ ಮಂತ್ರಿಸಿ ಕೊಟ್ಟು, "ಲಾರಿ ಉಸಿರು ಎಳೆಯೋ ಕಡೆ ಕಟ್ಟಪ್ಪ, ತಾಯಿ ಅಲ್ಲೇ ಇರ್ತಾಳೆ" ಅಂದಿದ್ದರು. ಕ್ಯಾಬಿನ್ನಿನ ಬೆನ್ನ ಹಿಂದೆ ಗಾಳಿ ಒಳಗೆ ಹೋಗುವ ಕೊಳವೆ ಸೊಂಡಿಲಿನ ಹಾಗೆ ನಿಂತಿದೆ. ತವಿನ್ ಅದರ ಕುತ್ತಿಗೆಗೆ ಬಟ್ಟೆ ಕಟ್ಟಿದ. ಮರುವರ್ಷ ಹೊಸ ವರ್ಷದ ನೀರಾಟದ ದಿನ ಹಸಿರು ಬಟ್ಟೆ. ಅದರ ಮರುವರ್ಷ ಹಳದಿ. ಹಳೆಯದನ್ನು ಬಿಚ್ಚುವ ಹಾಗಿಲ್ಲ. ತಾಯಿಯ ಮೈಮೇಲಿನ ಬಟ್ಟೆ ಯಾರು ಬಿಚ್ಚುತ್ತಾರೆ? ಬಟ್ಟೆಯ ಮೇಲೆ ಬಟ್ಟೆ, ಮಾಲೆಯ ಮೇಲೆ ಮಾಲೆ ಬಿದ್ದು ಆ ಕೊಳವೆ ನೆಗಡಿಯಾದ ಮುದುಕಿ ತಲೆಗೆ ಮಫ್ಲರ್ ಸುತ್ತಿಕೊಂಡು ಕೂತ ಹಾಗೆ ಕಾಣುತ್ತಿತ್ತು. ನಾವೆಲ್ಲ ಕೈ ಮುಗಿಯುತ್ತಿದ್ದೆವು.

ಈಚೆಗೆ ಕೆಲವು ವರ್ಷಗಳಿಂದ ಲಾರಿ ಘಾಟಿ ಹತ್ತಲು ಒದ್ದಾಡುತ್ತಿತ್ತು. ತವಿನ್ ನಿಲ್ದಾಣದ ಮೇಸ್ತ್ರಿ ಕಾಸೆಮ್ ಮಾಮನ ಹತ್ತಿರ ಹೋಗಿ, "ಮಾಮ, ಎಳೀತಾ ಇಲ್ಲ, ಪಂಪು ಸ್ವಲ್ಪ ಏರಿಸಿ" ಅನ್ನುತ್ತಿದ್ದ. ಪಂಪು ಏರಿಸಿದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೀಳುತ್ತದೆ. ಸ್ವಲ್ಪ ದಿನ ಎಳೆಯುತ್ತಿತ್ತು, ಮತ್ತೆ ಸೋಲುತ್ತಿತ್ತು. ಮತ್ತೆ ಪಂಪು. ಹೊಗೆ ಹೆಚ್ಚಿತು. ಲಂಗದ ಅಂಚಿನ ಕಪ್ಪು ಗೇಣಿನಿಂದ ಮೊಳಕ್ಕೆ ಬಂತು. ಅಂಪೈಗೆ ಒಣ ಕೆಮ್ಮು ಹತ್ತಿತು.

ಆಮೇಲೆ ನಿಯಮ ಬಂತು. ಚಳಿಗಾಲದಲ್ಲಿ ರಾಜಧಾನಿಯ ಮೇಲೆ ದೂಳು ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಆ ತಿಂಗಳುಗಳಲ್ಲಿ ಆರು ಚಕ್ರದ ಲಾರಿಗಳು ನಗರದ ಹೊರವರ್ತುಲ ರಸ್ತೆ ದಾಟಬೇಕಾದರೆ ಹೊಗೆ ಪರೀಕ್ಷೆ ಆಗಿ ಹಸಿರು ಪಟ್ಟಿಯಲ್ಲಿ ಹೆಸರಿರಬೇಕು. ನನ್ನ ಅಂಗಡಿಯಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಒಂದೇ ಲಾರಿ ಇಟ್ಟುಕೊಂಡವರು ಬೈದರು.

"ನಾವೊಬ್ರೇನಾ ಹೊಗೆ ಬಿಡೋದು? ಕಬ್ಬಿನ ಗದ್ದೆ ಸುಡೋರಿಗೆ ಯಾವ ಪಟ್ಟಿ ಮಾಡಿದಾರೆ?"

"ದೊಡ್ಡ ಕಂಪನಿಯೋರು ಹೊಸ ಲಾರಿ ತಗೋತಾರೆ. ನಾವು ಹೊಸದಾಗಿ ತಗೋಳೋದು ಎಮ್ಮೇನೇ."

"ಎಮ್ಮೆ ತಗೋ, ಅದಕ್ಕೂ ಹಿಂದಿನಿಂದ ಗ್ಯಾಸು ಬರುತ್ತೆ, ನಾಳೆ ಅದಕ್ಕೂ ಪರೀಕ್ಷೆ ಇಡ್ತಾರೆ."

ಎಲ್ಲರೂ ನಕ್ಕರು. ಅಂಪೈ ಪಾತ್ರೆ ತೊಳೆಯುತ್ತ, "ಹೊಗೆ ಕೆಟ್ಟದ್ದು ಅಂತ ಯಾರೋ ಒಬ್ರು ಹೇಳಿದ್ರಲ್ಲ, ಸದ್ಯ" ಅಂದಳು. ಗಂಡಸರು ಕೇಳಿಸಿಕೊಳ್ಳಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಮುವಾಕ್‌ಲೆಕ್ ಘಾಟಿ ಇಳಿದ ಕೂಡಲೇ ಅವರ ಲಾರಿಯನ್ನು ನಿಲ್ಲಿಸಿದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬಳು ಅಧಿಕಾರಿ ಸೈಲೆನ್ಸರಿಗೆ ಯಂತ್ರದ ಮೂತಿ ತೂರಿಸಿ, "ಅಣ್ಣ, ಎಕ್ಸಲೇಟರ್ ಪೂರ್ತಿ ಒತ್ತಿ" ಎಂದಳು. ತವಿನ್ ಮೆತ್ತಗೆ ಒತ್ತಿದ.

"ಅಣ್ಣ, ಇರುವೆ ತುಳೀಬೇಡಿ ಅಂತ ಹೇಳ್ಲಿಲ್ಲ ನಾನು. ಪೂರ್ತಿ ಒತ್ತಿ."

ಪೂರ್ತಿ ಒತ್ತಿದ. ಹಿಂದೆ ನಿಂತಿದ್ದ ಅಧಿಕಾರಿ, ಅವಳ ಇಬ್ಬರು ಸಹಾಯಕರು, ಮೂವರೂ ಕಾಣದಾದರು. ಹೊಗೆ ಚದುರಿದ ಮೇಲೆ ಅಧಿಕಾರಿ ಯಂತ್ರ ನೋಡಿ ತಲೆಯಲ್ಲಾಡಿಸಿ, ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಬಳಸಕೂಡದು' ಎಂದು ಬರೆಸಿದಳು. ರಿಪೇರಿ ಮಾಡಿಸಿ ತಿಂಗಳೊಳಗೆ ಪರೀಕ್ಷೆಗೆ ತರಬೇಕು. ಅಲ್ಲಿಯತನಕ ಸರಕು ಹಾಕುವ ಹಾಗಿಲ್ಲ. ಅಂದಿನ ಕುಂಬಳಕಾಯಿಗಳನ್ನು ಬೇರೆ ಲಾರಿಗೆ ದಾಟಿಸಿ, ಖಾಲಿ ಲಾರಿ ತಂದು ನನ್ನ ಅಂಗಡಿಯ ಎದುರು ನಿಲ್ಲಿಸಿದರು.

ತವಿನ್ ಎರಡು ದಿನ ಜೋಲಿಯಿಂದ ಏಳಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತವನು, "ಲಾರಿ ಮಾರ್ತೀನಿ" ಎಂದ. "ಕಂಪನಿಯೋರು ಡ್ರೈವರ್ ಬೇಕು ಅಂತಿದಾರೆ. ಹೊಸ ಗಾಡಿ, ಏಸಿ ಇದೆ. ತಿಂಗಳು ತಿಂಗಳು ಸಂಬಳ."

"ನಾನು?" ಎಂದಳು ಅಂಪೈ.

"ಕಂಪನಿ ಗಾಡೀಲಿ ಹೆಂಡ್ತೀನ ಕೂರಿಸ್ಕೊಳ್ಳೋ ಹಾಗಿಲ್ಲ. ಊರಿಗೆ ಹೋಗು. ಅಮ್ಮಂಗೂ ಕೈಲಾಗಲ್ಲ. ಆರಾಮಾಗಿ ಮನೇಲಿರು."

ಅಂಪೈ ಅನ್ನದ ಬುಟ್ಟಿಯ ಮುಚ್ಚಳ ಹಾಕಿದಳು. "ಆರಾಮಾಗಿ" ಎಂದು ನನ್ನ ಕಡೆ ತಿರುಗಿದಳು. "ಕೇಳಿದ್ಯಾ ಅಕ್ಕ? ಬೆಳಿಗ್ಗೆ ಎದ್ದು ಅತ್ತೆಗೆ ಬಿಸಿನೀರು, ಮಾವಂಗೆ ಗಂಜಿ, ಕೋಳಿಗೆ ಕಾಳು, ಮೈದುನನ ಮಕ್ಕಳಿಗೆ ಊಟ. ಆರಾಮ."

"ಇಲ್ಲಿ ಮಾತ್ರ ಏನ್ ಮಾಡ್ತಿದ್ದೆ? ಅದೇ ತಾನೆ?" ಎಂದ ತವಿನ್. ಕೆಟ್ಟದ್ದಾಗಿ ಹೇಳಲಿಲ್ಲ, ಅವನಿಗೆ ನಿಜಕ್ಕೂ ಹಾಗೇ ಅನಿಸಿತ್ತು.

"ಅದೇ ಮಾಡ್ತಿದ್ದೆ ಖ್ವಾನ್ ಅಪ್ಪಾ. ಆದ್ರೆ ಇಲ್ಲಿ ಕಿಟಕಿ ಇತ್ತು."

ಅವಳು ಎದ್ದು ಹೋಗಿ ಎಡಗಡೆಯ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತಳು. ನಿಂತ ಲಾರಿಯಲ್ಲಿ, ಬಾಗಿಲ ಮೇಲೆ ಕೆಂಪು ಅಕ್ಷರ ಇಟ್ಟುಕೊಂಡು, ರಸ್ತೆ ನೋಡುತ್ತ ಬಹಳ ಹೊತ್ತು ಕೂತಿದ್ದಳು. ನಾನು ನೀರು ತೆಗೆದುಕೊಂಡು ಹೋದರೆ, "ಈ ಸೀಟು ಬಿಟ್ಟು ಕೊಡಲ್ಲ ಅಕ್ಕ" ಎಂದಳು. "ಅವನು ಮಾರೋಕೆ ಮುಂಚೆ ಇದರ ಕೆಮ್ಮು ಯಾಕೆ ಅಂತಾದ್ರೂ ತಿಳ್ಕೊಳ್ಳಬೇಕು."

ಮರುದಿನ ಅವಳೇ ಕಾಸೆಮ್ ಮಾಮನನ್ನು ಕರೆತಂದಳು. ಮಾಮ ಎಂಜಿನ್ ಚಾಲೂ ಮಾಡಿಸಿ ಸುತ್ತ ನಡೆದ, ಬಗ್ಗಿದ, ಕಿವಿಗೊಟ್ಟ. ಕ್ಯಾಬಿನ್ನಿನ ಹಿಂದೆ ಬಂದಾಗ ಕೊಳವೆಯ ಕಡೆ ಕಣ್ಣು ಎತ್ತಿ, ತಟ್ಟನೆ ಇಳಿಸಿ, ಕೈ ಮುಗಿದ.

"ಹಳೇ ಎಂಜಿನ್ನು. ವಯಸ್ಸಾಯ್ತು" ಎಂದ.

"ಮಾಮ, ನನ್ ಕಡೆ ನೋಡಿ ಹೇಳಿ" ಎಂದಳು ಅಂಪೈ.

"ಏನಮ್ಮ ಹೇಳ್ಲಿ? ಉಸಿರು ಸಾಲ್ತಾ ಇಲ್ಲ ಅದಕ್ಕೆ. ಡೀಸೆಲ್ ಮಾತ್ರ ಸುರಿದ್ರೆ ಪೂರ್ತಿ ಉರಿಯಲ್ಲ, ಹೊಗೆ ಆಗುತ್ತೆ."

"ಉಸಿರು ಯಾಕೆ ಸಾಲ್ತಿಲ್ಲ?"

ಮಾಮ ಜೇಬಿನಿಂದ ಬೀಡಿ ತೆಗೆದ, ಮತ್ತೆ ಒಳಗಿಟ್ಟ.

ಅಂಪೈ ಕೊಳವೆಯ ಕಡೆ ನೋಡಿದಳು, ಮಾಮನ ಕಡೆ ನೋಡಿದಳು. "ಮಾಮ, ನಾವು ತಾಯಿ ಮೂಗು ಕಟ್ಟಿಬಿಟ್ಟಿದೀವಾ?"

"ಆ ಮಾತು ನನ್ ಬಾಯಲ್ಲಿ ಬರೋದು ಬೇಡ ಅಂತ ಇದ್ದೆ" ಎಂದ ಕಾಸೆಮ್ ಮಾಮ. "ಎರಡ್ಮೂರು ವರ್ಷದಿಂದ ಅನುಮಾನ. ಇನ್ನೊಬ್ರ ಲಾರಿತಾಯಿ ಬಟ್ಟೆ ಮುಟ್ಟೋನಲ್ಲ ನಾನು. ಒಂದ್ಸಲ ಮುಟ್ಟಿದ್ದಕ್ಕೆ ಜಾಕು ಜಾರಿ ಬೆರಳು ಹೋಯ್ತು" ಎಂದು ಮೊಂಡು ಬೆರಳು ತೋರಿಸಿದ. "ಅವನು ಪಂಪು ಏರಿಸು ಅಂದ, ಏರಿಸ್ದೆ."

ಜೋಲಿಯಲ್ಲಿದ್ದ ತವಿನ್ ಎದ್ದು ಬಂದಿದ್ದ. "ಏನ್ ಮಾತಾಡ್ತಿದೀರಾ? ತಾಯಿ ಕಾಪಾಡ್ಕೊಂಡು ಬಂದಿದಾಳೆ ಇಷ್ಟು ವರ್ಷ. ಒಂದು ಅಪಘಾತ ಇಲ್ಲ, ಒಂದು ಗೀರು ಇಲ್ಲ. ಬಟ್ಟೆ ಬಿಚ್ಚೋದಾ?"

"ಬಿಚ್ಚೋದು, ಒಗೆಯೋದು, ಒಂದೇ ಒಂದು ಕಟ್ಟೋದು" ಎಂದಳು ಅಂಪೈ. "ಹೆಂಗಸು ತಾನೆ ಅವಳೂ? ಅಷ್ಟು ವರ್ಷದ ಬಟ್ಟೆ ಒಂದರ ಮೇಲೊಂದು ಹಾಕ್ಕೊಂಡು, ಒಂದ್ಸಲನೂ ಒಗೀದೆ, ಮೂಗಿಗೂ ಸುತ್ಕೊಂಡು ಈ ಬಿಸಿಲಲ್ಲಿ ನಿಂತಿದಾಳೆ. ನಿನಗೆ ಹಾಗೆ ಮಾಡಿದ್ರೆ ನೀನು ಕಪ್ಪು ಹೊಗೆ ಬಿಡಲ್ವಾ?"

"ನೀನು ಮುಟ್ಟೋ ಹಾಗಿಲ್ಲ" ಎಂದ ತವಿನ್ ಥಟ್ಟನೆ. "ಹೆಂಗಸರು ತಾಯಿ ಬಟ್ಟೆ ಮುಟ್ಟಬಾರದು. ನಿಂಗೊತ್ತಲ್ಲ."

ಅವನು ಅದನ್ನು ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಹೇಳಿದ. ಆದರೆ ಅಂಪೈಯ ಮುಖದಲ್ಲಿ ನಿಧಾನವಾಗಿ ಒಂದು ನಗು ಮೂಡಿತು.

"ನಾನೆಲ್ಲಿ ಮುಟ್ತೀನಿ ಅಂದೆ? ನೀನೇ ಬಿಚ್ಚು" ಎಂದಳು. "ನೀನೇ ಒಗಿ."

ಕಾಸೆಮ್ ಮಾಮ ಕೆಮ್ಮಿದ ಹಾಗೆ ಮಾಡಿ ಬೆನ್ನು ತಿರುಗಿಸಿದ.

ಬಾಳೆಹಣ್ಣು, ತೆಂಗಿನಕಾಯಿ, ಕೆಂಪು ಷರಬತ್ತು ಇಟ್ಟು, ಊದುಬತ್ತಿ ಹಚ್ಚಿ, ತವಿನ್ ಮಣ್ಣಿನಲ್ಲಿ ಮಂಡಿಯೂರಿ ತಾಯಿಯ ಕ್ಷಮೆ ಕೇಳಿದ. ಆಮೇಲೆ ಲಾರಿ ಹತ್ತಿ ನಿಂತು ಗಂಟು ಬಿಚ್ಚತೊಡಗಿದ. ಮೇಲಿನ ಬಟ್ಟೆಗಳು ಸುಲಭವಾಗಿ ಬಂದವು. ಒಳಗಿನವು ಮಳೆ, ಎಣ್ಣೆ, ದೂಳು ಕುಡಿದು ಮರದ ತೊಗಟೆಯ ಹಾಗಾಗಿದ್ದವು. ಹರಿಯಬಾರದೆಂದು ಉಗುರಿನಲ್ಲಿ ಒಂದೊಂದೇ ಎಳೆ ಬಿಡಿಸಿದ. ಬಟ್ಟೆ ಬಿಚ್ಚಿದ ಹಾಗೆಲ್ಲ ಗಾಳಿ ಎಳೆಯುವ ಕಿಂಡಿಗಳು ಒಂದೊಂದಾಗಿ ಬಯಲಾದವು. ಅಷ್ಟು ವರ್ಷ ಅವು ಇದ್ದದ್ದೇ ನಮಗೆ ಮರೆತುಹೋಗಿತ್ತು.

ಒಗೆಯುವುದು ಬೇರೆ ಕಥೆ. ನಲವತ್ತೆಂಟು ವರ್ಷದ ಗಂಡಸು ಬೋಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೋಪಿನ ಪುಡಿಯ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿ ಹರಿದು, ಅರ್ಧ ಸುರಿದ. ನೊರೆ ಮೊಣಕೈ ದಾಟಿತು. ನಿಲ್ದಾಣದ ಡ್ರೈವರುಗಳು ಕುರ್ಚಿ ಎಳೆದುಕೊಂಡು ಬಂದರು.

"ತವಿನಣ್ಣ, ನಂದೂ ಒಂದೆರಡು ಚಡ್ಡಿ ಇದೆ, ಹಾಕ್ಲಾ?"

"ಹಾಕಪ್ಪ, ನಿನ್ ಮುಖಕ್ಕೇ ಹಾಕ್ತೀನಿ ತಿರುಗಿ."

"ಹಿಂಡ್ಬೇಡ, ಮೊದ್ಲು ನೆನೆಸು" ಎಂದಳು ಅಂಪೈ. ಅವಳು ನನ್ನ ಬೆಂಚಿನ ಮೇಲೆ ಕೂತಿದ್ದಳು. ಬಟ್ಟೆ ಒಗೆಯುವ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಅಂದೇ ನೋಡಿದ್ದು. ಕೈ ಏನು ಮಾಡಬೇಕೆಂದು ತಿಳಿಯದೆ ಒಂದು ಸಲ ಮಡಿಲಲ್ಲಿ ಇಟ್ಟುಕೊಂಡಳು, ಒಂದು ಸಲ ಬೆಂಚಿನ ಅಂಚು ಹಿಡಿದಳು. "ಆ ನೀರು ಚೆಲ್ಲು. ಇನ್ನೊಂದ್ಸಲ. ಇನ್ನೂ ಕಪ್ಪಿದೆ. ಇನ್ನೊಂದ್ಸಲ."

ನೀರು ಇದ್ದಿಲಿನ ಹಾಗೆ ಬರುತ್ತಿತ್ತು. ಎಷ್ಟು ಸಲ ಚೆಲ್ಲಿದನೋ. ಮಧ್ಯಾಹ್ನದ ಹೊತ್ತಿಗೆ ಅವನು ಸೊಂಟ ಹಿಡಿದುಕೊಂಡು ಎದ್ದು ನಿಂತು, ಕೆಂಪಾದ ಅಂಗೈ ನೋಡಿಕೊಂಡ.

"ದಿನಾ ಇಷ್ಟು ಒಗೀತೀಯಾ ನೀನು?"

"ಇಷ್ಟಲ್ಲ. ಇದು ತಾಯೀದು ಮಾತ್ರ. ನಿಂದು ಇದಕ್ಕಿಂತ ಕೊಳೆ."

ಡ್ರೈವರುಗಳು ತೊಡೆ ತಟ್ಟಿ ನಕ್ಕರು. ತವಿನ್ ನಗಲಿಲ್ಲ, ಮತ್ತೆ ಕೂತು ಉಳಿದದ್ದನ್ನು ಜಾಲಿಸಿದ. ಒಣಹಾಕಿದಾಗ ಬಣ್ಣಗಳು ಹೊರಬಂದವು. ಬಿಚ್ಚಿದ್ದರಲ್ಲಿ ಎಲ್ಲಕ್ಕಿಂತ ಒಳಗಿದ್ದ ಮಾಸಿದ ಗುಲಾಬಿ ಚೂರನ್ನು ಅವನು ಬಿಸಿಲಿಗೆ ಹಿಡಿದು ನೋಡಿದ. "ಇದು ಕಟ್ಟಿದಾಗ ಖ್ವಾನ್ ನಿನ್ ಹೊಟ್ಟೇಲಿದ್ಲು" ಎಂದ. ಅಂಪೈ ಹೌದು ಎಂದಳು.

ತಾಯಿಯ ಬಟ್ಟೆ ಬಿಚ್ಚಿದ ಮೇಲೆ ಕಾಸೆಮ್ ಮಾಮನಿಗೆ ಧೈರ್ಯ ಬಂತು. ಏರ್ ಫಿಲ್ಟರಿನ ಡಬ್ಬಿ ತೆಗೆದ. ಒಳಗೆ ಒಣಗಿದ ಮಲ್ಲಿಗೆ, ಚೆಂಡುಹೂವಿನ ಎಸಳು, ದಾರದ ಎಳೆ, ಊದುಬತ್ತಿಯ ಬೂದಿ ಹಿಡಿಹಿಡಿಯಾಗಿ ಸಿಕ್ಕಿತು. ಹೊಸ ಫಿಲ್ಟರ್ ಹಾಕಿದ, ಎಣ್ಣೆ ಬದಲಾಯಿಸಿದ, ತಾನೇ ಏರಿಸಿದ್ದ ಪಂಪನ್ನು ತಾನೇ ಇಳಿಸಿದ.

ಈಗ ತವಿನ್‌ಗೆ ಇನ್ನೊಂದು ಭಯ. "ಪಂಪು ಇಳಿಸಿದ್ರೆ ಘಾಟಿ ಹತ್ತುತ್ತಾ? ಅರ್ಧದಲ್ಲಿ ನಿಂತ್ರೆ?"

"ನಿಂತ್ರೆ ಇಳಿದು ತಳ್ತೀನಿ. ಅದೊಂದು ಮಾಡಿರ್ಲಿಲ್ಲ" ಎಂದಳು ಅಂಪೈ.

ಘಾಟಿ ಹತ್ತಿಸಿ ನೋಡಲು ಭಾರ ಬೇಕಿತ್ತು, ಸರಕು ಹಾಕುವ ಹಾಗಿಲ್ಲ, ಅದಕ್ಕೆ ಎಲ್ಲರ ನೀರಿನ ಡ್ರಮ್ಮುಗಳನ್ನೂ ತುಂಬಿಸಿ ಲಾರಿಗೆ ಏರಿಸಿದರು. ಕುಡಿಯುವ ನೀರು ಸರಕಲ್ಲ ಎಂದು ಕಾಸೆಮ್ ಮಾಮನ ವಾದ. ನಾನೂ ಹತ್ತಿ ಅಂಪೈಯ ಪಕ್ಕ ಕೂತೆ. ಘಾಟಿಯ ಕಡಿದಾದ ತಿರುವಿನಲ್ಲಿ ತವಿನ್ ರೂಢಿಯ ಮೇಲೆ ಮೊದಲ ಗೇರಿಗೆ ಕೈ ಹಾಕಿದ, ಬೇಕಾಗಲಿಲ್ಲ. ಲಾರಿ ಎರಡನೆಯದರಲ್ಲೇ ಗುನುಗುತ್ತ ಹತ್ತಿತು. ಅಂಪೈ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಿಂದೆ ನೋಡಿದಳು. ನಮ್ಮ ಬೆನ್ನಿಗೆ ಬರುತ್ತಿದ್ದ ಕಾರು ಕಾಣುತ್ತಿತ್ತು. ಅದರೊಳಗಿನವರ ಮುಖವೂ ಕಾಣುತ್ತಿತ್ತು.

"ನೋಡು ಅಕ್ಕ, ಯಾರೂ ಗಾಜು ಏರಿಸಿಲ್ಲ" ಎಂದಳು.

ಪರೀಕ್ಷೆಯ ದಿನ ನಾನೂ ಕಾಸೆಮ್ ಮಾಮನೂ ಜೊತೆಗೆ ಹೋದೆವು. ಕೇಂದ್ರದಲ್ಲಿ ಅದೇ ಅಧಿಕಾರಿ. ಬಾಗಿಲ ಮೇಲಿನ ಕೆಂಪು ಅಕ್ಷರ ನೋಡಿ, "ಇರುವೆ ಅಣ್ಣ ಬಂದ್ರಾ" ಎಂದಳು. ತವಿನ್ ಇಳಿದು ಲಾರಿಯ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಜೋಡಿಸಿದವನು ಅಲ್ಲಿಂದ ಕದಲಲೇ ಇಲ್ಲ.

"ಯಾರು ಒತ್ತೋದು? ಒತ್ತೋರು ಬೇಕಲ್ಲ" ಎಂದು ಅಧಿಕಾರಿ ಕೂಗಿದಳು.

"ಅವಳು ಒತ್ತುತ್ತಾಳೆ" ಎಂದ ತವಿನ್, ಕಣ್ಣು ಬಿಡದೆ.

"ಅವರ್ಯಾರು?"

ತವಿನ್ ಕಣ್ಣು ಬಿಟ್ಟ. ಹೆಂಡತಿ ಅನ್ನುತ್ತಾನೆ ಎಂದುಕೊಂಡೆವು. "ಲಾರಿ ಅವಳದೂ" ಎಂದ.

ಅಂಪೈ ಬಲಗಡೆಯ ಬಾಗಿಲಿನಿಂದ ಹತ್ತಿ, ಲಂಗ ಮೊಣಕಾಲಿಗೆ ಸಿಕ್ಕಿಸಿ, ನೆಲ ಮುಟ್ಟುವ ತನಕ ಒತ್ತಿದಳು. ಎಂಜಿನ್ ಕೂಗಿತು. ಅಧಿಕಾರಿ ಯಂತ್ರ ನೋಡಿದಳು, ಇನ್ನೊಮ್ಮೆ ಒತ್ತಿಸಿದಳು, ಮತ್ತೊಮ್ಮೆ ಒತ್ತಿಸಿದಳು. ಹಿಂದೆ ನಿಂತಿದ್ದ ನಾನು ಸೈಲೆನ್ಸರಿನ ಬಾಯಿಯನ್ನೇ ನೋಡುತ್ತಿದ್ದೆ. ತೆಳ್ಳಗೆ, ಗಂಜಿಯ ಹಬೆಯಷ್ಟು ಬಂತು.

"ಪಾಸು" ಎಂದಳು ಅಧಿಕಾರಿ. ಮುಖದ ಬಟ್ಟೆ ಕೆಳಗೆ ಎಳೆದುಕೊಂಡು, "ಏನ್ ಮಾಡಿಸಿದ್ರಿ? ಹೊಸ ಎಂಜಿನ್ನಾ?" ಎಂದು ಕೇಳಿದಳು.

"ಬಟ್ಟೆ ಒಗೆದ್ರು" ಎಂದಳು ಅಂಪೈ.

ಈಗ ಬಾಗಿಲ ಮೇಲೆ ಕೆಂಪು ಅಕ್ಷರ ಅಳಿಸಿದ ಕಲೆ ಮಾತ್ರ ಇದೆ, ಗಾಜಿಗೆ ಹಸಿರು ಚೀಟಿ ಅಂಟಿದೆ. ಕಂಪನಿಯ ಮಾತು ಮತ್ತೆ ಬರಲಿಲ್ಲ. ಇನ್ನೂ ಬಿಗಿ ನಿಯಮ ಬರುತ್ತದಂತೆ, ಹಳೆಯ ಎಂಜಿನ್ನುಗಳಿಗೆ ಕಾಲ ಮುಗಿಯಿತಂತೆ ಎಂದು ಗಂಡಸರು ನನ್ನ ಅಂಗಡಿಯಲ್ಲಿ ಬೈಯುವುದು ನಿಂತಿಲ್ಲ. ಬರಬಹುದು. ಅಂಪೈ ಲೈಸೆನ್ಸಿಗೆ ಹಾಕಿದ್ದಾಳೆ. ಇಬ್ಬರು ಓಡಿಸಿದರೆ ಸುತ್ತು ಹೆಚ್ಚು ಹೊಡೆಯಬಹುದು, ಆಮೇಲೆ ಹೊಸದರ ಯೋಚನೆ ಎನ್ನುತ್ತಾಳೆ. ಮೊದಲ ಸಲ ನಪಾಸಾದಳು, ಹಿಂದಕ್ಕೆ ತೆಗೆಯುವಾಗ. ಕೆಳಗೆ ನಿಂತು "ಬಾ, ಬಾ" ಎನ್ನುವವರು ಯಾರೂ ಇರಲಿಲ್ಲವಂತೆ. ಈಗ ಸಂಜೆ ಹೊತ್ತು ನಿಲ್ದಾಣದಲ್ಲಿ ತವಿನ್ ನಿಂತು ಕೂಗುತ್ತಾನೆ. ಅವಳಷ್ಟು ಚೆನ್ನಾಗಿ ಕೂಗಲು ಅವನಿಗೆ ಬರುವುದಿಲ್ಲ. ಒಮ್ಮೆ ನನ್ನ ನೀರಿನ ಹಂಡೆ ಚಪ್ಪಟೆಯಾಯಿತು.

ತಾಯಿಗೆ ಈಗ ಒಂದೇ ಬಟ್ಟೆ, ಕೊಳವೆಯ ಬುಡಕ್ಕೆ, ಸಡಿಲವಾಗಿ. ವರ್ಷಕ್ಕೊಮ್ಮೆ ಬಿಚ್ಚಿ ಒಗೆಯುವುದು ತವಿನ್‌ನ ಕೆಲಸ. ಹೆಂಗಸರು ಮುಟ್ಟಬಾರದಲ್ಲ. ಬೇರೆ ಲಾರಿಗಳ ಗಂಡಸರೂ ಒಬ್ಬೊಬ್ಬರಾಗಿ ಅಂಪೈಯನ್ನು ಕೇಳಿಕೊಂಡು ಬರುತ್ತಾರೆ, ಎಷ್ಟು ಹೊತ್ತು ನೆನೆಸಬೇಕು, ಬಣ್ಣ ಬಿಡುತ್ತದಾ ಎಂದು.

ಹಗ್ಗದ ವಿಷಯ ಹೇಳಬೇಕು. ಪರೀಕ್ಷೆ ಪಾಸಾದ ವಾರವೇ ಅಂಪೈ ಹೊಸ ಹಳದಿ ಲಂಗ ಒಗೆದು ಕೈಯಲ್ಲಿ ಹಿಡಿದು, "ಖ್ವಾನ್ ಅಪ್ಪಾ, ಇದನ್ನು ಮುಂದೆ ನಿನ್ ಅಂಗಿ ಹಗ್ಗಕ್ಕೆ ಹಾಕ್ತೀನಿ" ಎಂದಳು.

"ಜನ ಏನಂತಾರೆ?"

"ತಾಯಿ ಏನೂ ಅನ್ನಲ್ಲ. ಅವಳೂ ಬಟ್ಟೆ ಒಗೆಸ್ಕೊಂಡೋಳೇ."

ತವಿನ್ ತಲೆ ಕೆರೆದುಕೊಂಡ. ಆಮೇಲೆ ಹಿಂದಿನ ಹಗ್ಗ ಬಿಚ್ಚಿ ತಂದು ಬಾಡಿಯ ನಡುವಿಗೆ, ಒಲೆ ಪೆಟ್ಟಿಗೆಯ ಮೇಲೆ ಕಟ್ಟಿದ. ಮುಂದೂ ಅಲ್ಲ, ಹಿಂದೂ ಅಲ್ಲ. ಅಂಪೈ ಹಗ್ಗದ ಬಿಗಿ ಎಳೆದು ನೋಡಿದಳು. "ಸದ್ಯಕ್ಕೆ ಆಯ್ತು" ಎಂದು ಲಂಗ ಹರವಿ ಎಡಬಾಗಿಲಿನಿಂದ ಹತ್ತಿದಳು.

ನಾಲ್ಕು ದಿನ ಬಿಟ್ಟು ರಾಜಧಾನಿಯಿಂದ ತಿರುಗಿ ಬಂದಾಗ ಅವಳು ಅದನ್ನೇ ಉಟ್ಟಿದ್ದಳು, ಅಂಚಿನ ತನಕ ಹಳದಿ. ನಿಲ್ದಾಣದ ಆ ತುದಿಯಿಂದ ಯಾರೋ ಹೆಂಗಸು ಬರುತ್ತಿದ್ದಾಳೆ ಎಂದುಕೊಂಡು ನಾನು ಸೌಟು ತಿರುಗಿಸುತ್ತಲೇ ಇದ್ದೆ. ಹತ್ತಿರ ಬಂದು ಬೆಂಚಿನ ಮೇಲೆ ಕೂತು, "ಏನಕ್ಕ, ನಂಗೆ ತಟ್ಟೆ ಇಲ್ವಾ ಇವತ್ತು?" ಎಂದ ಮೇಲೆ ಗುರುತು ಹತ್ತಿತು.